ಹೊಳೆ ದಾಟುವ ಮೊದಲು

ಫೆಬ್ರವರಿ 2, ಭಾನುವಾರ

ಸುಜಾತಾಳ ಫೋನು ಬಂತು. ನೇಪಾಳದ ಫೋನಿನಲ್ಲಿ ಅರ್ಧ ಹೊತ್ತು "ಕೇಳಾಕತ್ತದೇನಣ್ಣಾ" ಎನ್ನುವುದರಲ್ಲೇ ಹೋಗುತ್ತದೆ, ಉಳಿದರ್ಧದಲ್ಲಿ ಸಂಸಾರ. ಲುಂಬಿನಿ ಕಡೆಯ ಒಂದು ಆಸ್ಪತ್ರೆಯಲ್ಲಿ ನನ್ನ ಈ ತಂಗಿ ನರ್ಸ್ ಆಗಿ ಸೇರಿ ಒಂದೂವರೆ ವರ್ಷ. ಗಂಡ ಗೌತಮ ಲಿಂಗಸುಗೂರು ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಹೋದ ಮೇಲೆ, ಎಲ್ಲಾದರೂ ದೂರ ಹೋಗಬೇಕು ಅಂದಳು. ದೂರವೆಂದರೆ ಹೈದರಾಬಾದ್ ಇರಬೇಕೆಂದುಕೊಂಡೆ. ಅವಳು ಬುದ್ಧ ಹುಟ್ಟಿದ ಊರಿಗೇ ಹೋದಳು. ಮಗಳನ್ನು ದೇವದುರ್ಗದಲ್ಲಿ ಅತ್ತೆಯ ಬಳಿ ಬಿಟ್ಟಳು.

ಈಗ ಅವಳಿಗೆ ಕ್ವಾರ್ಟರ್ಸ್ ಸಿಕ್ಕಿದೆ. ಅಲ್ಲಿ ಏಪ್ರಿಲ್ ನಡುವಿಗೆ ಶಾಲೆ ಶುರುವಂತೆ. ಅವಳಿಗೆ ಮಳೆಗಾಲದವರೆಗೆ ರಜೆ ಇಲ್ಲ, ನಾನು ಮಗುವನ್ನು ತಂದು ಮುಟ್ಟಿಸಬೇಕು. ವಿಮಾನ ಆಗದು. ಮಗುವಿನ ಕಿವಿಯ ತಮಟೆಗೆ ಡಿಸೆಂಬರಿನಲ್ಲಿ ಆಪರೇಶನ್ ಆಗಿದೆ, ಸದ್ಯಕ್ಕೆ ಆಕಾಶ ಬೇಡ ಎಂದಿದ್ದಾರೆ ಡಾಕ್ಟರು. ಆ ಕಿವಿಯ ಸಲುವಾಗಿಯೇ ಅದು ದೇವದುರ್ಗ ಬಿಟ್ಟು ರಾಯಚೂರಿನ ನನ್ನ ಮನೆ ಸೇರಿದ್ದು. ಹದಿನೈದು ದಿನಕ್ಕೆಂದು ಬಂದದ್ದು ಎರಡು ತಿಂಗಳಾಗಿದೆ.

"ಈ ಸಲ ಬರಲಿಲ್ಲಂದ್ರ ಅಕಿ ನನ್ನ ಮರೀತಾಳಣ್ಣಾ" ಎಂದಳು ಸುಜಾತಾ.

ಮಗುವನ್ನು ಫೋನಿಗೆ ಕರೆದೆ. ಮಂಚದ ಕೆಳಗೆ ಹೋಗಿ ಕುಳಿತಿತು. ಮರೆಯುವುದು ಇನ್ನೆಷ್ಟು ಬಾಕಿ ಇದೆಯೋ ತಿಳಿಯದು.

ಒಪ್ಪಿಕೊಂಡೆ. ಕುರ್ಡಿಯ ಹೈಸ್ಕೂಲಿಗೆ ಕನ್ನಡ ಮಾಸ್ತರನಾಗಿ ಇಪ್ಪತ್ತು ವರ್ಷ ಅದೇ ಮಾನ್ವಿ ಬಸ್ಸಿನಲ್ಲಿ ಓಡಾಡಿದ, ನಲವತ್ತೈದರ ಒಂಟಿ ಆಸಾಮಿ ನಾನು. ರೈಲಿನಲ್ಲಿ ಬಹು ದೂರ ಹೋದದ್ದೆಂದರೆ ಸೊಲ್ಲಾಪುರ. ಅದೂ ನಿದ್ದೆ ಹತ್ತಿ ಕಲಬುರಗಿ ದಾಟಿಹೋದದ್ದರಿಂದ.

ಹೋಗುವ ಊರಿಗೆ ದಾರಿ ಗೊತ್ತಿಲ್ಲ,
ಕೂತಲ್ಲಿ ಕೂರಲು ಪುರಸೊತ್ತಿಲ್ಲ.

ಫೆಬ್ರವರಿ 5, ಬುಧವಾರ

ದಾರಿ ಗೊತ್ತಾಯಿತು. ಸ್ಟಾಫ್ ರೂಮಿನಲ್ಲಿ ಸಮಾಜ ವಿಜ್ಞಾನದ ಯಂಕೋಬ ಭೂಪಟ ಬಿಚ್ಚಿ ತೋರಿಸಿದ. ರಾಯಚೂರಿಂದ ಝಾನ್ಸಿ, ಅಲ್ಲಿ ರೈಲು ಬದಲಿಸಿ ಗೋರಖಪುರ, ಅಲ್ಲಿಂದ ಜೀಪಿನಲ್ಲಿ ಗಡಿ. ಗಡಿಯನ್ನು ನಡೆದೇ ದಾಟಬಹುದಂತೆ. ವಿದೇಶಕ್ಕೆ ಚಪ್ಪಲಿಯಲ್ಲಿ ಹೋಗಿಬಂದ ಮೊದಲ ಮಾಸ್ತರ ನೀನೇ ಆಗತಿ ಎಂದ.

ಪಕ್ಕದ ಮನೆಯ ಗುಲ್ಶನ್ ಬೇಗಂ, ನಾನು ಶಾಲೆಯಿಂದ ಬರುವ ತನಕ ಮಗುವನ್ನು ನೋಡಿಕೊಳ್ಳುವವರು, ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. "ಮಾಸ್ಟರ್ ಸಾಬ್, ಒಂದು ಟಿಫಿನ್ ಡಬ್ಬಿ ಬಸ್ಸಿನ್ಯಾಗ ಬಿಡದಂಗ ತರಾಕ ನಿಮಗ ಆಗಲ್ಲ. ಎರಡು ದಿನ ಈ ಹುಡಿಗೀನ ಹ್ಯಾಂಗ ಹಿಡಿತೀರಿ?" ಎಂದರು. ಈ ವರ್ಷ ಮೂರು ಡಬ್ಬಿ ಹೋಗಿರುವುದು ನಿಜ. ಡಬ್ಬಿಗೆ ಬಾಯಿ ಇರುವುದಿಲ್ಲ, ಇದು ಕೂಗುತ್ತದೆ ಎಂದೆ.

ಐದು ತುಂಬದ ಮಗುವಿಗೆ ಟಿಕೆಟ್ ಬೇಕಿಲ್ಲವಂತೆ. ಒಳ್ಳೆಯದೇ. ಮೂರಡಿಯ ಜೀವಕ್ಕೆ ಆರಡಿಯ ಬರ್ತ್ ದಂಡ. ನನ್ನ ಕಾಲ ಬುಡದಲ್ಲಿ ಬಿದ್ದಿರುತ್ತದೆ.

ಫೆಬ್ರವರಿ 9, ಭಾನುವಾರ

ಮಗುವನ್ನು ಕರೆದುಕೊಂಡು ದೇವದುರ್ಗಕ್ಕೆ ಹೋಗಿಬಂದೆ. ಸುಜಾತಾಳ ಅತ್ತೆ ಅಮರಮ್ಮನಿಗೆ ವಿಷಯ ತಿಳಿಸಬೇಕಿತ್ತು. ಅಂಗನವಾಡಿಯಲ್ಲಿ ಅಡುಗೆ ಮಾಡಿ ಮನೆಗೆ ಕೂತವಳು, ಮಾತಿಗೆ ಉಪ್ಪು ಖಾರ ಹಾಕುವುದನ್ನು ಮಾತ್ರ ಬಿಟ್ಟಿಲ್ಲ.

ನನ್ನ ಮಾತು ಮುಗಿದ ಮೇಲೆ ಮಗುವಿನ ತಲೆಯ ಮೇಲೆ ಕೈಯಿಟ್ಟಳು. ಆ ತಲೆಗೆ ಹುಟ್ಟಿದಾಗಿನಿಂದ ಕತ್ತರಿ ಬಿದ್ದಿಲ್ಲ. ಮೊದಲ ಕೂದಲು ತಿಂಥಣಿ ಮೌನಪ್ಪನಿಗೆ ಎಂದು ಹರಕೆ, ಮೌನೇಶ್ವರಿ ಎಂದು ಹೆಸರಿಟ್ಟದ್ದೂ ಅದಕ್ಕೇ. ಮೂರನೇ ವರ್ಷದಲ್ಲಿ ಜವಳ ತೆಗೆಸಬೇಕೆಂದಿದ್ದಾಗ ಗೌತಮ ಹೋದ. ಸಾವಾದ ಮನೆಯಲ್ಲಿ ವರ್ಷದ ತನಕ ಶುಭಕಾರ್ಯ ಇಲ್ಲ. ವರ್ಷ ತುಂಬುವುದರೊಳಗೆ ಸುಜಾತಾ ಹೋದಳು. ಕೂದಲು ಮಾತ್ರ ಎಲ್ಲಿಗೂ ಹೋಗದೆ ಬೆಳೆಯಿತು.

"ಜವಳ ಆಗದ ಕೂಸು ಕೃಷ್ಣಾ ಹೊಳಿ ದಾಟಂಗಿಲ್ಲ" ಎಂದಳು.

ರಾಯಚೂರಿಂದ ಉತ್ತರಕ್ಕೆ ಹೊರಟ ರೈಲು ಬಿಸಿ ಚಹಾ ಆರುವಷ್ಟರಲ್ಲಿ ಕೃಷ್ಣೆಯನ್ನು ದಾಟುತ್ತದೆ. ನಾನು ತರ್ಕ ತೆಗೆದೆ. "ಯವ್ವಾ, ತಿಂಥಣಿ ಇರೂದ ಹೊಳಿ ಆಚಿ ದಂಡಿಗೆ. ಜವಳಕ್ಕ ಹೋಗಬೇಕಂದ್ರೂ ದಾಟಬೇಕಲ್ಲ."

"ಮೌನಪ್ಪನ ಕಡಿ ಹೋಗೂದು ದಾಟೂದಲ್ಲ. ಅವ ಕರಸ್ಕೊಳ್ಳೂದು."

ಮುಂದಿನದು ಇನ್ನೂ ಕಷ್ಟ. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಎಳೆ ಕತ್ತರಿಸಬೇಕಾದವನು ಸೋದರಮಾವ. ಬೇರೆ ಯಾರೂ ಆಗುವುದಿಲ್ಲ. ಸುಜಾತಾಳಿಗೆ ಇರುವ ಅಣ್ಣ ನಾನೊಬ್ಬನೇ. ನಾನೋ ಪ್ರತಿ ಅಂಬೇಡ್ಕರ್ ಜಯಂತಿಗೆ ವೇದಿಕೆ ಹತ್ತಿ ಹರಕೆ, ಮುಡಿ, ಮುಹೂರ್ತಗಳ ಮೇಲೆ ಮುಕ್ಕಾಲು ಗಂಟೆ ಮಾತಾಡುವವನು. ನಮ್ಮಪ್ಪ ತಾಯಣ್ಣ ಗಂಜ್ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಲೇ ದೇವರ ಜಗಲಿ ಖಾಲಿ ಮಾಡಿ ಬುದ್ಧನ ಫೋಟೋ ಇಟ್ಟವನು. ನನ್ನಿಂದ ಆಗದು ಎಂದೆ.

"ಹಂಗಾದ್ರ ಕೂಸು ಹೋಗೂದೂ ಆಗದು. ಜೂನಿಗೆ ಇಲ್ಲೇ ಸಾಲಿಗೆ ಹಚ್ಚತೀನಿ" ಎಂದವಳೇ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಸಪ್ಪಳ ಓಣಿಯ ತುದಿಗೆ ಕೇಳುವಂತಿತ್ತು.

ಫೆಬ್ರವರಿ 11, ಮಂಗಳವಾರ

ಏಪ್ರಿಲ್ ಹನ್ನೆರಡರ ರೈಲಿಗೆ ಇವತ್ತು ಬೆಳಿಗ್ಗೆ ಬುಕಿಂಗ್ ತೆರೆಯಿತು. ನಾನು ಆ ಹೊತ್ತಿನಲ್ಲಿ ಮಗುವಿನ ತಲೆ ಬಾಚುತ್ತಿದ್ದೆ. ಹರಕೆಯ ಕೂದಲೆಂದರೆ ಕೂದಲಲ್ಲ, ಜಾಲಿ ಪೊದೆ. ಅಳು ನಿಲ್ಲಿಸಲು ಹಾಡು ಕಟ್ಟಬೇಕಾಯಿತು.

ಬಾಚಣಗಿ ಬಾಚಣಗಿ ಎಲ್ಲಿಗೆ ಹೊಂಟಿ?
ಮೌನೀಯ ಕಾಡಾಗ ಸಿಕ್ಕೀನಿ ಒಂಟಿ.

ಇನ್ನೊಮ್ಮೆ ಅನ್ನು ಎಂದಿತು. ಅಂದೆ. ಮತ್ತೊಮ್ಮೆ ಎಂದಿತು. ಬಸ್ಸೂ ತಪ್ಪಿತು, ಬುಕಿಂಗೂ ತಪ್ಪಿತು. ಮಧ್ಯಾಹ್ನ ಫೋನಿನಲ್ಲಿ ನೋಡಿದರೆ:

ವೇಟಿಂಗ್ ಲಿಸ್ಟು ಮೂವತ್ತೆಂಟು,
ಮನಸಿನಲ್ಲಿ ನೂರಾ ಎಂಟು.

ಎರಡು ಬರ್ತಿಗೆ ಹಾಕಿದ್ದೇನೆ. ಮಗು ನಿದ್ದೆಯಲ್ಲಿ ಒದೆಯುತ್ತದೆ, ಅದಕ್ಕೆ.

ಫೆಬ್ರವರಿ 16, ಭಾನುವಾರ

ಉಪಾಯ ಹೊಳೆಯಿತು. ತಲೆಯಲ್ಲಿ ಕೂದಲೇ ಇಲ್ಲದಿದ್ದರೆ ಜವಳ ಎಲ್ಲಿಂದ ಬರುತ್ತದೆ? ಮಗುವನ್ನು ಸ್ಟೇಷನ್ ರಸ್ತೆಯ ಸಲೂನಿಗೆ ಕರೆದೊಯ್ದೆ. ಕುರ್ಚಿಯ ಕೈಗಳ ಮೇಲೆ ಹಲಗೆ ಇಟ್ಟು ಕೂರಿಸಿದ್ದಾಯಿತು, ಕೊರಳಿಗೆ ಬಟ್ಟೆ ಕಟ್ಟಿದ್ದಾಯಿತು. ಕತ್ತರಿ ಎತ್ತಿಕೊಂಡವನು ಲೋಕಾಭಿರಾಮಕ್ಕೆ ಎಂಬಂತೆ ಜವಳ ಎಲ್ಲಿ ಮಾಡಿಸಿದಿರಿ ಎಂದು ಕೇಳಿದ. ನಾನು ಉತ್ತರ ಹುಡುಕುವುದರಲ್ಲಿ ಅವನಿಗೆ ಉತ್ತರ ಸಿಕ್ಕಿತು. ಬಟ್ಟೆ ಬಿಚ್ಚಿ ಮಡಚಿಟ್ಟ.

"ಈ ತಲಿಗೆ ನಾ ಕತ್ರಿ ಹಚ್ಚಂಗಿಲ್ರಿ ಸರ್. ನೀವ ಸೋದರಮಾವ ಇದ್ದೀರಿ, ನಿಮಗ ನಾ ಹೇಳಬೇಕೇನ್ರಿ?"

ಬಂದದ್ದಕ್ಕೆ ನಾನೇ ಗಡ್ಡ ಮಾಡಿಸಿಕೊಂಡೆ. ಮಗು ಪಕ್ಕದ ಕುರ್ಚಿಯಲ್ಲಿ ಕೂತು ನನ್ನ ಮುಖದ ನೊರೆ ನೋಡಿ ನಕ್ಕಿತು. ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಇದೆ. ಇಷ್ಟು ದಿನ ನೋಡಿರಲಿಲ್ಲ.

ಮಾರ್ಚ್ 3, ಸೋಮವಾರ

ಗೋಡೆಯ ಮೇಲಿನ ಫೋಟೋಗಳನ್ನು ತೋರಿಸಿ ಇವರು ಯಾರು ಹೇಳು ಎಂದು ಮೌನಿಯನ್ನು ಕೇಳಿದೆ. ಬುದ್ಧ, ಬಾಬಾಸಾಹೇಬ, ತಾತ ಎಲ್ಲರನ್ನೂ ಸರಿಯಾಗಿ ಹೇಳಿದಳು. ಸುಜಾತಾಳ ಫೋಟೋ ಬಂದಾಗ "ಫೋನಿನ್ಯಾಕಿ" ಎಂದಳು.

ಅವಳು ನಿಮ್ಮವ್ವ ಎಂದೆ.

"ಅವ್ವ ದೇವದುರ್ಗದಾಗ ಅದಾಳ" ಎಂದು ನನ್ನನ್ನೇ ತಿದ್ದಿದಳು.

ಸುಜಾತಾಳಿಗೆ ಇದನ್ನು ಹೇಳಲಿಲ್ಲ. ಸಂಜೆ ಅಮರಮ್ಮನಿಗೆ ಫೋನ್ ಮಾಡಿ ಜವಳಕ್ಕೆ ಒಪ್ಪಿದೆ. ತತ್ವಕ್ಕೆ ಒಂದು ದಿನ ಸಿ.ಎಲ್. ಹಾಕಿದರಾಯಿತು. ಮುದುಕಿ, ನಿನಗೆ ಬಿಡುವಾದ ದಿನ ಬಾ, ಯಾವ ದಿನವಾದರೂ ನಡೆಯುತ್ತದೆ ಎಂದಳು. ಗೆದ್ದವಳ ದನಿಯಂತಿರಲಿಲ್ಲ.

ಮಾರ್ಚ್ 14, ಶುಕ್ರವಾರ

ಹೋಳಿ ರಜೆ. ರೈಲಿನ ಪೂರ್ವಾಭ್ಯಾಸ ಮಾಡಿದೆವು. ಉತ್ತರಕ್ಕೆ ಹೊಳೆಯ ಕಟ್ಟಳೆ ಇರುವುದರಿಂದ ದಕ್ಷಿಣಕ್ಕೆ ಮಟಮಾರಿವರೆಗೆ ಪ್ಯಾಸೆಂಜರ್ ರೈಲು. ಒಟ್ಟು ಪ್ರಯಾಣ ಒಂದು ಶೇಂಗಾ ಪೊಟ್ಟಣದಷ್ಟು. ಮೌನಿ ಹತ್ತಿದ ಕೂಡಲೇ ಉಚ್ಚೆ ಎಂದಳು, ಇಳಿಯುವಾಗ ವಾಂತಿ ಮಾಡಿದಳು, ನಡುವೆ ಇಡೀ ಬೋಗಿಗೆ ಬಾಚಣಗಿ ಹಾಡು ಕಲಿಸಿದಳು. ಅರಿಷಿಣ ಮಾರುವ ಒಬ್ಬ ಮುದುಕ ಎರಡನೇ ಸಾಲು ತಪ್ಪು ಹೇಳಿದಾಗ ಮೂರು ಸಲ ಹೇಳಿಸಿದಳು. ಇಪ್ಪತ್ತು ವರ್ಷದಲ್ಲಿ ನಾನು ಇಷ್ಟು ಶ್ರದ್ಧೆಯಿಂದ ಪಾಠ ಮಾಡಿಲ್ಲ.

ಮಟಮಾರಿ ಸ್ಟೇಷನ್ನಿನ ಬೇವಿನ ಮರದ ಕೆಳಗೆ ನಿಂತು ಸುತ್ತ ನೋಡಿ, "ಮಾವಾ, ನೇಪಾಳ ಇಷ್ಟ ಅದೇನು?" ಎಂದಳು. ಇಷ್ಟೇ ಅದ ಎಂದುಬಿಡೋಣ ಅನ್ನಿಸಿತು.

ಅವಳ ಒಂದು ಕಾಲಿನ ಚಪ್ಪಲಿ ರೈಲಿನಲ್ಲೇ ಹೋಯಿತು. ಹೆಗಲ ಮೇಲೆ ಹೊತ್ತು ತಂದೆ.

ಮಾರ್ಚ್ 20, ಗುರುವಾರ

ನಾಳೆಯಿಂದ ಎಸೆಸೆಲ್ಸಿ ಪರೀಕ್ಷೆ. ಅಮರಮ್ಮ ಫೋನ್ ಮಾಡಿ ಜವಳ ಯಾವಾಗ ಎಂದಳು. ಯುಗಾದಿ ಆಗಲಿ ಎಂದೆ.

ಮಾರ್ಚ್ 27, ಗುರುವಾರ

ಎರಡೂ ಬರ್ತ್ ಖಾತ್ರಿಯಾದವು. ಸಂತೋಷದ ಸುದ್ದಿ.

ರಾತ್ರಿ ಊಟ ಸೇರಲಿಲ್ಲ. ಬದನೆಕಾಯಿ ಇರಬೇಕು.

ಏಪ್ರಿಲ್ 1, ಮಂಗಳವಾರ

ಯುಗಾದಿ ಆಯಿತು. ಅಮರಮ್ಮ ಮತ್ತೆ ಫೋನ್ ಮಾಡಿದಳು. ಗೋಡೆಯ ಕ್ಯಾಲೆಂಡರ್ ತಿರುವಿ ಹಿಂದಿನ ಸಣ್ಣ ಅಕ್ಷರ ಓದಿದೆ. ಈ ವಾರ ಯಾವ ದಿನವೂ ಅಷ್ಟು ಚಲೋ ಕಾಣಲಿಲ್ಲ. ಅವಳಿಗೆ ನಂಬಿಕೆ ಇರುವ ವಿಷಯ, ನಾನು ಅದನ್ನು ಗೌರವಿಸಬೇಕು. ಹೇಳಿದೆ. ಮುದುಕಿ ಹೂಂ ಎಂದಳು.

ಹೊರಡುವುದು ಖಾತ್ರಿಯೇ ಎಂದು ಸುಜಾತಾ ಕೇಳಿದ್ದಕ್ಕೆ, ನಿಮ್ಮತ್ತೆಯ ಕಡೆಯಿಂದ ಇನ್ನೂ ಸ್ವಲ್ಪ ಬಾಕಿ ಅದ ಎಂದೆ. ಸುಳ್ಳೇನಲ್ಲ. ಸಂಕ್ಷಿಪ್ತ ನಿಜ. ಅವಳು ಹಾಸಿಗೆಗೆ ಆನೆಯ ಚಿತ್ರದ ಚಾದರ ತಂದಿದ್ದಾಳಂತೆ. ತೋರಿಸಿದಳು. ಮೌನಿ ಮಂಚದ ಕೆಳಗಿದ್ದಳು. ಸುಜಾತಾ ಸ್ವಲ್ಪ ಹೊತ್ತು ಆ ಚಾದರವನ್ನೇ ನನಗೆ ತೋರಿಸಿದಳು, ಆಮೇಲೆ ಡ್ಯೂಟಿ ಅದ ಎಂದು ಇಟ್ಟಳು.

ಇವತ್ತು ಕುರ್ಡಿಯಿಂದ ಬರುವಾಗ ನಮ್ಮ ಓಣಿಯ ಹಿಂದಿನ ಶಾಲೆಯಲ್ಲಿ ಯು.ಕೆ.ಜಿ.ಗೆ ಜಾಗ ಇದೆಯೇ ಎಂದು ವಿಚಾರಿಸಿದೆ. ದಾರಿಯಲ್ಲೇ ಇತ್ತು, ಅದಕ್ಕೆ. ಜಾಗ ಇದೆ.

ಏಪ್ರಿಲ್ 6, ಭಾನುವಾರ

ಬಾಗಿಲು ತೆಗೆದರೆ ಅಮರಮ್ಮ. ಹೇಳದೆ ಕೇಳದೆ ದೇವದುರ್ಗದ ಮೊದಲ ಬಸ್ಸಿಗೆ ಬಂದಿದ್ದಾಳೆ. ಮೌನಿ ಗುಲ್ಶನ್ ಬೇಗಂ ಮನೆಯಲ್ಲಿ ಪೂರಿ ತಿನ್ನುತ್ತಿದ್ದಳು. ಮುದುಕಿ ನೀರು ಕುಡಿದು, ಚಾಪೆಯ ಮೇಲೆ ಕೂತು, ಜವಳ ಯಾವಾಗ ಎಂದಳು. ರೈಲಿಗೆ ಆರು ದಿನ ಉಳಿದಿದೆ. ನಾನು ಕ್ಯಾಲೆಂಡರ್ ಇಳಿಸಿದೆ. ನಾಳೆ ಹೀಗಿದೆ, ನಾಡಿದ್ದು ಹಾಗಿದೆ, ಹದಿನಾರರ ನಂತರ ಚಲೋ ಇದೆ ಎಂದು ಓದಿ ಹೇಳಿದೆ.

ಅವಳು ನನ್ನನ್ನು ನೋಡಿದಳು. ನನ್ನ ತಲೆಯ ಮೇಲಿನ ಗೋಡೆಯನ್ನು ನೋಡಿದಳು.

"ಬುದ್ಧನ ಫೋಟೋದ ಬುಡಕ ಕುಂತು ಪಂಚಾಂಗ ಹೇಳಾಕತ್ತೀಯಲ್ಲೋ ಮಾಸ್ತರ."

ನಾನು ಕ್ಯಾಲೆಂಡರಿನ ಮೊಳೆ ಸರಿಪಡಿಸತೊಡಗಿದೆ.

"ನನಗ ಕೂಸಿನ್ನ ಬಿಡಾಕ ಮನಸಿದ್ದಿಲ್ಲ, ಹೊಳಿ ಮ್ಯಾಲ ಹಾಕಿದೆ. ನಿನಗೂ ಮನಸಿಲ್ಲ, ನೀ ಪಂಚಾಂಗದ ಮ್ಯಾಲ ಹಾಕಿದಿ. ಅಲ್ಲಿ ಹಡದಾಕಿ ಒಬ್ಬಾಕಿ ಕುಂತಾಳ. ಅಕಿ ಯಾರ ಮ್ಯಾಲ ಹಾಕಬೇಕು?"

ಅಮರಮ್ಮನ ಕಣ್ಣಿಗೆ ಪೊರೆ ಬಂದಿದೆ, ಇಲ್ಲದ್ದೆಲ್ಲ ಕಾಣುತ್ತದೆ. ನಾಳೆ ತಿಂಥಣಿಗೆ ಹೊರಟಿದ್ದೇವೆ.

ಏಪ್ರಿಲ್ 7, ಸೋಮವಾರ

ಹೊಳೆಯ ದಂಡೆಯ ಕಲ್ಲಿನ ಮೇಲೆ ಕೂತೆ. ಬಿಸಿಲಿಗೆ ಕಲ್ಲು ರೊಟ್ಟಿಯ ಹಂಚಾಗಿತ್ತು, ಎದ್ದೇಳುವಂತಿಲ್ಲ. ಮೌನಿಯನ್ನು ತೊಡೆಯ ಮೇಲೆ ಕೂರಿಸಿದರು. ಹೊಸ ಬಟ್ಟೆ ಮಾವ ತರಬೇಕು. ಹಳದಿ ಫ್ರ್ಯಾಕು ತಂದಿದ್ದೆ, ಒಂದು ಅಳತೆ ದೊಡ್ಡದು. ಕತ್ತರಿ ಕೈಗೆ ಕೊಟ್ಟಾಗ ಯಾವ ಎಳೆ ಎಂದು ತಿಳಿಯದೆ ಕೂತೆ. ದಿನಾ ಬಾಚಿದ ತಲೆ, ಒಂದೊಂದು ಗಂಟೂ ಪರಿಚಯ. ಬಲಗಿವಿಯ ಹಿಂದಿನದು ಬಹಳ ಅಳಿಸುತ್ತಿತ್ತು. ಅದನ್ನೇ ಕತ್ತರಿಸಿದೆ. ಉಳಿದದ್ದನ್ನು ಕ್ಷೌರದವನು ಬೋಳಿಸಿದ. ಅವಳು ಅಳುತ್ತಾಳೆಂದು ಎಲ್ಲರೂ ತಯಾರಾಗಿದ್ದರು. ಅವಳು ನನ್ನ ಹೆಬ್ಬೆರಳು ಹಿಡಿದು, ಬೀಳುವ ಕೂದಲನ್ನು ನೋಡುತ್ತ ಕೂತಳು.

ಬೋಳು ತಲಿ ತಿಂಗಳ,
ಬೆಳ್ಳಗಾತು ಅಂಗಳ.

ಅಲ್ಲಿಯೇ ಸುಜಾತಾಳಿಗೆ ಫೋನ್ ಹಚ್ಚಿದೆ. ಮೌನಿ ಫೋನು ಕಸಿದುಕೊಂಡು, ತನ್ನ ತಲೆ ಅದರ ಮುಂದೆ ಹಿಡಿದು "ನೋಡಿಲ್ಲಿ, ಗುಂಡ" ಎಂದಳು. ಇಷ್ಟು ದಿನದಲ್ಲಿ ಸುಜಾತಾಳೊಂದಿಗೆ ತಾನಾಗಿ ಆಡಿದ ಮೊದಲ ಮಾತು. ಆಮೇಲೆ ಹಳದಿ ಫ್ರ್ಯಾಕು ತೋರಿಸಿದಳು, ಹೊಳೆ ತೋರಿಸಿದಳು, ನನ್ನ ಪ್ಯಾಂಟಿನ ಮೇಲಿನ ಕೂದಲು ತೋರಿಸಿದಳು. ಚಾರ್ಜು ಮುಗಿಯುವವರೆಗೆ ಮಾತಾಡಿದಳು. ಬಹಳ ಸಂತೋಷವಾಯಿತು. ಬಹಳ ಚಾರ್ಜು ತಿನ್ನುತ್ತದೆ ಈ ವಿಡಿಯೋ ಕಾಲ್.

ಏಪ್ರಿಲ್ 9, ಬುಧವಾರ

ಬ್ಯಾಗು ಕಟ್ಟಿದೆ, ಬಿಚ್ಚಿದೆ, ಮತ್ತೆ ಕಟ್ಟಿದೆ. ಇಂದು ಬಾಚುವುದಕ್ಕೆ ತಲೆ ಇರಲಿಲ್ಲ, ಬೆಳಿಗ್ಗೆ ಬೇಗ ಆಯಿತು. ಬಸ್ ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಂತಿದ್ದೆ.

ಪ್ರಾಸ ಹತ್ತಲಿಲ್ಲ.

ಏಪ್ರಿಲ್ 12, ಶನಿವಾರ, ರೈಲಿನಲ್ಲಿ

ಅಮರಮ್ಮ ಸ್ಟೇಷನ್ನಿಗೆ ಬಂದಿದ್ದಳು. ಖಟಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಸೇರು ಮಾತು. ರೈಲು ಅಲುಗಿದಾಗ ಕಿಟಕಿಗೆ ಬಾಯಿಟ್ಟು, "ಹೊಳಿ ಬರೂಮಟ ಮಲಗಸಬ್ಯಾಡ. ಕಣ್ಣತುಂಬ ನೋಡಲಿ" ಎಂದಳು. ಹಿಂದೆ ಹಿಂದೆ ಬರುತ್ತಾಳೆಂದುಕೊಂಡೆ. ಬರಲಿಲ್ಲ. ನಿಂತಲ್ಲೇ ನಿಂತಳು.

ಕೃಷ್ಣೆ ಬಂತು. ಮೌನಿ ನೋಡಿದಳು. ನಾನು ಆ ಹೊತ್ತಿಗೆ ಸೀಟಿನ ಕೆಳಗೆ ಬಗ್ಗಿ ಬ್ಯಾಗು ಸರಿಸುತ್ತಿದ್ದೆ.

ಏಪ್ರಿಲ್ 13, ಭಾನುವಾರ, ಝಾನ್ಸಿ

ಚಪ್ಪಲಿ ಎರಡೂ ಇವೆ. ಟಿಫಿನ್ ಡಬ್ಬಿ ಇದೆ. ಹುಡುಗಿ ಇದ್ದಾಳೆ. ಗುಲ್ಶನ್ ಬೇಗಂಗೆ ಫೋನ್ ಮಾಡಿ ವರದಿ ಒಪ್ಪಿಸಿದೆ. ಮೌನಿಯ ಬರ್ತ್ ಖಾಲಿ ಬಂತು. ನನ್ನದರಲ್ಲೇ ಮಲಗಿ ಒದ್ದಳು.

ಏಪ್ರಿಲ್ 14, ಸೋಮವಾರ

ಗಡಿಯ ಕಮಾನು. ಆಚೆ ಹೊಸ ವರ್ಷವಂತೆ, ಅಂಗಡಿಗಳಲ್ಲಿ ಹೂವಿನ ಸರ. ಈಚೆ ಅಂಬೇಡ್ಕರ್ ಜಯಂತಿ. ನನ್ನ ಭಾಷಣ ಇಲ್ಲದೆ ರಾಯಚೂರಿನಲ್ಲಿ ಈ ವರ್ಷ ಸಭೆ ಬೇಗ ಮುಗಿದಿರಬೇಕು. ಅದೂ ಒಳ್ಳೆಯದೇ. ಮಾತಾಡಿದ್ದರೆ ಮುಡಿಯ ವಿಷಯ ಬಂದಾಗ ನನಗೆ ಕೆಮ್ಮು ಬರುತ್ತಿತ್ತು.

ಸುಜಾತಾ ಕಮಾನಿನ ಆ ಬದಿಗೆ ನಿಂತಿದ್ದಳು. ಓಡಿಬರಲಿಲ್ಲ, ಹೆದರಿದವಳಂತೆ ನಿಧಾನಕ್ಕೆ ಬಂದಳು. ಮೌನಿ ನನ್ನ ಕಾಲಿನ ಹಿಂದೆ ಸರಿದು ಅವಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಪಾದ, ಸೀರೆ, ಕೈ, ಕೊನೆಗೆ ಮುಖ.

"ನೀ ಫೋನಿನ್ಯಾಕಿ ಏನು? ಇಷ್ಟು ಉದ್ದ ಇದ್ದೀಯಾ?"

ಸುಜಾತಾ ರಸ್ತೆಯ ಮೇಲೆಯೇ ಕೂತುಬಿಟ್ಟಳು. ಈಗ ಸರಿಯಾಯಿತೇ ಎಂಬಂತೆ. ಮೌನಿ ಹೋಗಿ ಅಳತೆ ನೋಡಿದಳು. ಬೋಳು ತಲೆ ಅವಳ ಗದ್ದಕ್ಕೆ ಬಂತು. ಆಮೇಲೆ ನನ್ನ ಕೈ ಖಾಲಿಯಾಗಿತ್ತು. ಬ್ಯಾಗು ಇತ್ತಲ್ಲ, ಅದನ್ನು ಹಿಡಿದೆ.

ಏಪ್ರಿಲ್ 17, ಗುರುವಾರ, ರೈಲಿನಲ್ಲಿ

ನಿನ್ನೆ ಹೊರಡುವಾಗ ಅಳುತ್ತಾಳೆಂದು ಚಾಕಲೇಟು ಇಟ್ಟುಕೊಂಡಿದ್ದೆ. ಆನೆಯ ಚಾದರದ ಮೇಲೆ ಕುಣಿಯುತ್ತ ಟಾಟಾ ಅಂದಳು. ಅವಳವ್ವ ಎರಡು ಸಲ ಕಣ್ಣು ಒರೆಸಿಕೊಂಡಳು. ಚಾಕಲೇಟು ಗೋರಖಪುರದಲ್ಲಿ ನಾನೇ ತಿಂದೆ.

ಎದುರು ಸೀಟಿನಲ್ಲಿ ನಾಗಪುರಕ್ಕೆ ಹೊರಟ ಹುಡುಗ, ಹೆಂಡತಿ, ಒಂದು ಸಣ್ಣ ಮಗು. ಮಗು ಬೆಳಗಿನಿಂದ ಅಳುತ್ತಿತ್ತು. ನೋಡುವಷ್ಟು ನೋಡಿ ಕೈಚಾಚಿದೆ. ರೈಲು ಹೋಗುವ ದಿಕ್ಕಿಗೆ ಮುಖ ಮಾಡಿ ಕೂರಿಸಬೇಕು, ಹೊಟ್ಟೆ ತುಂಬ ಹಾಲು ಕೊಡಬಾರದು, ಕಿವಿಗೆ ಗಾಳಿ ಹೊಡೆಯದಂತೆ ಬಟ್ಟೆ ಕಟ್ಟಬೇಕು. ಕಟ್ಟಿದೆ. ಕನ್ನಡದ ಹಾಡು ಉತ್ತರದ ಮಗುವಿಗೂ ನಡೆಯುತ್ತದೆ. ಮಲಗಿತು.

ನಿಮಗೆ ಎಷ್ಟು ಮಕ್ಕಳು ಎಂದು ಆ ಹುಡುಗ ಕೇಳಿದ.

ಒಬ್ಬಳು, ನಾಲ್ಕೂವರೆ ವರ್ಷ ಎಂದೆ.

ನನ್ನ ಹಿಂದಿ ರಾಯಚೂರಿನದು, ಅವಸರದಲ್ಲಿ ಏನೋ ಒಂದು ಬಾಯಿಗೆ ಬರುತ್ತದೆ. ತಿದ್ದಬೇಕೆಂದುಕೊಂಡೆ. ಅಷ್ಟರಲ್ಲಿ ಅವನು ಫೋಟೋ ಇದೆಯಾ ಎಂದ.

ತೋರಿಸಿದೆ.